ಕೆನ್ಯಾ ದೇಶದಲ್ಲಿ ಕಂಡದ್ದು, ಕೇಳಿದ್ದು

ಪೂರ್ವ ಆಫ್ರಿಕಾದ ಕೆನ್ಯಾ ದೇಶದಲ್ಲಿ ಅಂಗಡಿಗೆ ‘ದುಕಾ’ ಎನ್ನುತ್ತಾರೆ. ಗೋಣಿಚೀಲಕ್ಕೆ ‘ಗುನಿಯಾ’, ಗಾಡಿಗೆ ‘ಗಾರಿ’, ವಿಮೆಗೆ ‘ಬೀಮಾ’, ಲಕ್ಷಕ್ಕೆ ‘ಲಕಿ’. 2025ರ ಜನವರಿಯಲ್ಲಿ ನಾವು ಮನೆಯವರೊಂದಿಗೆ ಆ ದೇಶಕ್ಕೆ ಹೋಗಿ ಹದಿನಾರು ದಿನ ಇದ್ದು ಬಂದೆವು. ಸ್ವಾಹಿಲಿ ಭಾಷೆ ನಮಗೆ ಬಾರದು. ಆದರೂ ಪೇಟೆಯಲ್ಲಿ ನಿಂತರೆ ಅರ್ಧ ಮಾತು ತಿಳಿದಂತೆಯೇ ಆಗುತ್ತಿತ್ತು. ಅರಬರ ಮತ್ತು ಕಚ್ಛ, ಕಾಠಿಯಾವಾಡದ ವ್ಯಾಪಾರಸ್ಥರ ಹಡಗುಗಳಲ್ಲಿ ಸರಕಿನೊಡನೆ ಈ ಮಾತುಗಳೂ ಸಮುದ್ರ ದಾಟಿ ಹೋಗಿವೆ. 1920ರವರೆಗೆ ಅಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ. ಈಗಿನದು ಶಿಲ್ಲಿಂಗು. ನಾವು ಹೋದಾಗ ಒಂದು ಶಿಲ್ಲಿಂಗಿಗೆ ಸುಮಾರು 65 ಪೈಸೆ ಬೀಳುತ್ತಿತ್ತು.

ಹೋಗಬೇಕೆನ್ನುವ ವಾಚಕರಿಗೆ ಮೊದಲು ಒಂದೆರಡು ಮಾತು. ಮುಂಬಯಿಯಿಂದ ನೈರೋಬಿಗೆ ವಿಮಾನದಲ್ಲಿ ಸುಮಾರು ಆರು ತಾಸು. ವೀಸಾ ತೆಗೆದುಹಾಕಿದ್ದಾರೆ, ಅದರ ಬದಲು 2024ರಿಂದ ಕಂಪ್ಯೂಟರಿನಲ್ಲೇ ಮುಂಗಡ ಪರವಾನಗಿ ಪಡೆಯಬೇಕು. ಹಳದಿ ಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮೊದಲೇ ಹಾಕಿಸಿಕೊಂಡು ಆ ಪುಸ್ತಿಕೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮರಳಿ ಬರುವಾಗ ನಮ್ಮ ದೇಶದವರೇ ತಡೆಯುತ್ತಾರೆ. ದೇಶ ಭೂಮಧ್ಯರೇಖೆಯ ಮೇಲಿರುವುದರಿಂದ ವರ್ಷವಿಡೀ ಸಂಜೆ ಆರೂವರೆಯ ಸುಮಾರಿಗೆ ಸೂರ್ಯಾಸ್ತ. ರಾತ್ರಿ ಊಟ ಬಿಟ್ಟ ನಮ್ಮಂಥವರು ದಿನದಿನಕ್ಕೆ ಪಂಚಾಂಗ ನೋಡಬೇಕಾಗಿಲ್ಲ.

ಮುಂಬಯಿಯ ಹತ್ತಿ ವ್ಯವಹಾರದ ಹಳೆಯ ಪರಿಚಯದವರೊಬ್ಬರ ಬೀಗರು ನೈರೋಬಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಮೂರು ತಲೆಮಾರಿನ ಅಂಗಡಿ. ಅವರ ಮನೆಯಲ್ಲೇ ಇಳಿದುಕೊಂಡಿದ್ದೆವು. ಅವರು ಹಾಲಾರಿ ವೀಸಾ ಓಶ್ವಾಲ ಸಮಾಜದವರು, ಶ್ವೇತಾಂಬರರು. ಜಾಮನಗರದ ಸುತ್ತಲಿನ 52 ಹಳ್ಳಿಗಳ ಈ ಜನ ಮೂಲತಃ ಒಕ್ಕಲಿಗರು. ಮಳೆ ಕೈಕೊಟ್ಟು, ಸಾಲ ಏರಿ, 1899ರ ಆಚೀಚೆ ಒಬ್ಬೊಬ್ಬರಾಗಿ ಹಡಗು ಹತ್ತಿದರು. ವ್ಯಾಪಾರ ಕಲಿತದ್ದು ಅಲ್ಲಿ ಹೋದ ಮೇಲೆಯೇ ಎಂದು ಸೇಠರು ನಗುತ್ತ ಹೇಳಿದರು.

ಮೊದಲು ಮೊಂಬಾಸಾ ಬಂದರಿಗೆ ಹೋದೆವು. 1963ರಲ್ಲಿ ಆದ ಅಲ್ಲಿನ ಪಾರ್ಶ್ವನಾಥ ದೇರಾಸರ ಬಿಳಿ ಅಮೃತಶಿಲೆಯದು, ಶಿಖರವುಳ್ಳದ್ದು. ಆ ಇಸವಿಯನ್ನು ವಾಚಕರು ನೆನಪಿಡಬೇಕು. ಅದೇ ವರ್ಷದ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾಯಿತು. ಮುಂದೆ ಇರುತ್ತೇವೋ ಇಲ್ಲವೋ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲಿ ಈ ಜನ ಕಲ್ಲಿನ ಶಿಖರ ಎಬ್ಬಿಸಿದ್ದರು. ದಿಗಂಬರ ಮಂದಿರವೊಂದು ನೈರೋಬಿಯಲ್ಲಿದೆ. 1980ರಲ್ಲಿ ಸೋನಗಢದ ಕಾನಜಿ ಸ್ವಾಮಿಯವರು ಅಲ್ಲಿಗೆ ಬಂದಿದ್ದಾಗ ಪಂಚಕಲ್ಯಾಣ ಪ್ರತಿಷ್ಠೆ ನಡೆಯಿತು. ಅಲ್ಲಿ ದರ್ಶನ ಮಾಡಿ ಕುಳಿತಾಗ ನಮ್ಮ ಮನೆಯವರು, “ಊರಿನ ಬಸದಿಯಲ್ಲಿ ಕೂತಂತೆ ಆಯಿತು” ಎಂದರು.

ಮೊಂಬಾಸಾದಿಂದ ನೈರೋಬಿಗೆ ಸುಮಾರು 470 ಕಿಲೋಮೀಟರು. ಬಹುಪಾಲು ಚೀನಾದ ಸಾಲದಲ್ಲಿ ಕಟ್ಟಿ 2017ರಲ್ಲಿ ಆರಂಭಿಸಿದ ಹೊಸ ರೈಲು ಐದು ಆರು ತಾಸಿನಲ್ಲಿ ಮುಟ್ಟಿಸುತ್ತದೆ. ಅದರ ಹೆಸರು ‘ಮದರಾಕ’. ಸ್ವಯಮಾಡಳಿತ ಎಂದು ಅರ್ಥ. ಕಿಟಕಿಯಿಂದ ಸಾವೋ ಕಾಡಿನಲ್ಲಿ ಕೆಮ್ಮಣ್ಣು ಮೆತ್ತಿಕೊಂಡ ಆನೆಗಳು ಕಂಡವು. ಹಳೆಯ ಹಳಿಯೂ ಅಲ್ಲಲ್ಲಿ ಪಕ್ಕದಲ್ಲೇ ಕಾಣುತ್ತದೆ. ಇಂಗ್ಲಿಷರು ಅದನ್ನು ಹಾಕತೊಡಗಿದ್ದು 1896ರಲ್ಲಿ. 1899ಕ್ಕೆ ನೈರೋಬಿ, 1901ಕ್ಕೆ ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮು ಮುಟ್ಟಿತು. ಸುಮಾರು 32,000 ಕೂಲಿಗಳನ್ನು ಹಿಂದೂಸ್ಥಾನದಿಂದ, ಬಹುಮಟ್ಟಿಗೆ ಪಂಜಾಬಿನಿಂದ, ಕರೆತಂದರು. ಸುಮಾರು 2,500 ಜನ ಸತ್ತರು. ಹಳಿಯ ಮೈಲಿಗೆ ನಾಲ್ಕು ಹೆಣ ಎಂದಾಯಿತು. ಹೆಚ್ಚಿನವರು ಮರಳಿ ಹೋದರು. ಉಳಿದವರು ಆರೇಳು ಸಾವಿರ. ರೈಲು ನಿಂತ ಕಡೆಯಲ್ಲೆಲ್ಲ ತಗಡಿನ ‘ದುಕಾ’ಗಳು ಎದ್ದವು. ಉಪ್ಪು, ಸಕ್ಕರೆ, ಬಟ್ಟೆ, ಸೀಮೆಎಣ್ಣೆ, ಎಲ್ಲ ಒಂದೇ ಅಂಗಡಿಯಲ್ಲಿ.

ಈಗ ಆ ದೇಶದ ಜಗಳದ ಬೇರು ಹೇಳಬೇಕು. ಅದು ಭೂಮಿ. ರೈಲು ಖರ್ಚು ಹುಟ್ಟಿಸಬೇಕೆಂದು ಸರಕಾರ ಇಂಗ್ಲೆಂಡಿನಿಂದಲೂ ದಕ್ಷಿಣ ಆಫ್ರಿಕಾದಿಂದಲೂ ಬಿಳಿಯರನ್ನು ಕರೆಸಿ ನೈರೋಬಿಯಿಂದಾಚೆಗಿನ ತಂಪಾದ ಎತ್ತರದ ಸೀಮೆಯನ್ನು ಹಂಚಿತು. ಅದಕ್ಕೆ ‘ವೈಟ್ ಹೈಲ್ಯಾಂಡ್ಸ್’ ಎಂದೇ ಹೆಸರು. ಕಿಕುಯು, ಮಸಾಯಿ, ಕಲೆಂಜಿನ್ ಜನರ ನೆಲ ಹೋಯಿತು. ತಮ್ಮದೇ ಹೊಲದಲ್ಲಿ ಕೂಲಿಗಳಾದರು. ಕೊರಳಲ್ಲಿ ಗುರುತಿನ ಚೀಟಿಯ ತಗಡಿನ ಡಬ್ಬಿ ಕಟ್ಟಿಕೊಂಡು ತಿರುಗಬೇಕಾಯಿತು. ಹಿಂದೂಸ್ಥಾನಿಗಳಿಗೂ ಆ ಸೀಮೆಯಲ್ಲಿ ಹೊಲ ಕೊಳ್ಳುವ ಹಕ್ಕಿರಲಿಲ್ಲ. ನಮ್ಮವರು ಸಮಾನ ಹಕ್ಕು ಕೇಳಿ ಬಹಳ ಹೋರಾಡಿದರು. 1923ರಲ್ಲಿ ಲಂಡನ್ನಿನ ಸರಕಾರ ಈ ದೇಶದಲ್ಲಿ ಆಫ್ರಿಕಾದವರ ಹಿತವೇ ಮೊದಲು ಎಂದು ಸಾರಿ, ಬಿಳಿಯರ ಭೂಮಿಯನ್ನು ಬಿಳಿಯರಿಗೇ ಬಿಟ್ಟಿತು.

ಇದನ್ನು ವ್ಯಾಪಾರಸ್ಥರ ಕಣ್ಣಿನಿಂದ ನೋಡಿದರೆ ಹೀಗೆ: ಭೂಮಿ ಬಿಳಿಯನ ಕೈಗೆ, ಗಲ್ಲಾಪೆಟ್ಟಿಗೆ ನಮ್ಮವರ ಕೈಗೆ, ದುಡಿಮೆ ಕರಿಯರ ಪಾಲಿಗೆ. ಸಾವಿರಾರು ಎಕರೆಯ ದೊರೆ ಬಡವನ ಕಣ್ಣಿಗೆ ಬೀಳುವುದೇ ಅಪರೂಪ. ದಿನಾ ಕಾಣುವುದು ಉಪ್ಪು ತೂಗುವ, ಉದ್ರಿ ಬರೆದುಕೊಳ್ಳುವ ಅಂಗಡಿಕಾರ. ಹೊಟ್ಟೆಕಿಚ್ಚು ಎಲ್ಲಿ ನಿಲ್ಲುತ್ತದೆ ಎಂದು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ತಕ್ಕಡಿಯಲ್ಲಿ ಕಳ್ಳತೂಕ ಮಾಡಿದವರೂ ಇದ್ದರು ಎಂದು ಸೇಠರೇ ಒಪ್ಪಿಕೊಂಡರು.

1952ರ ಅಕ್ಟೋಬರಿನಲ್ಲಿ ತುರ್ತು ಪರಿಸ್ಥಿತಿ ಬಂತು. ನೆಲ ಕಳೆದುಕೊಂಡ ಕಿಕುಯು ಯುವಕರು ಆಣೆ ಪ್ರಮಾಣ ಮಾಡಿ ಕಾಡು ಸೇರಿದ ‘ಮಾವು ಮಾವು’ ಬಂಡಾಯ ಅದು. ಬಂಡಾಯಗಾರರು ಮಾಡಿದ ಕ್ರೂರ ಕೊಲೆಗಳ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು. ಆದರೆ ಬಂಡಾಯದಲ್ಲಿ ಸತ್ತ ಬಿಳಿಯ ನೆಲಸಿಗರು 32 ಜನ. ಸರಕಾರ ಗಲ್ಲಿಗೇರಿಸಿದವರು ಸಾವಿರಕ್ಕೂ ಹೆಚ್ಚು. ಹಳ್ಳಿಗೆ ಹಳ್ಳಿಯನ್ನೇ ಮುಳ್ಳುತಂತಿಯೊಳಗೆ ಹಾಕಿದರು. 1959ರಲ್ಲಿ ಹೋಲಾ ಎಂಬ ಬಂದೀಖಾನೆಯಲ್ಲಿ 11 ಕೈದಿಗಳನ್ನು ಬಡಿದು ಕೊಂದರು. ಅಂದು ಚಿತ್ರಹಿಂಸೆ ಉಂಡವರಲ್ಲಿ ಬದುಕಿ ಉಳಿದ 5,228 ಮುದುಕರಿಗೆ 2013ರಲ್ಲಿ ಬ್ರಿಟಿಷ್ ಸರಕಾರ ಸುಮಾರು 2 ಕೋಟಿ ಪೌಂಡು ಪರಿಹಾರ ಒಪ್ಪಿತು. ಅಷ್ಟು ಹೊತ್ತಿಗೆ ಎಷ್ಟು ಜನ ಮಣ್ಣಾಗಿದ್ದರೋ.

ಬಂಡಾಯದ ಮುಖಂಡನೆಂದು ಜೋಮೋ ಕೆನ್ಯಾಟಾ ಅವರನ್ನು ಹಿಡಿದು ವಿಚಾರಣೆ ಮಾಡಿದಾಗ ಪಂಡಿತ ನೆಹರೂ ಅವರು ದಿವಾನ್ ಚಮನ್‌ಲಾಲ್ ಎಂಬ ವಕೀಲರನ್ನು ಕಳಿಸಿಕೊಟ್ಟರು. ಅಲ್ಲಿಯವರೇ ಆದ ಭಾರತೀಯ ವಕೀಲರೂ ನಿಂತು ವಾದಿಸಿದರು. ಕಾರ್ಮಿಕ ಮುಖಂಡ ಮಖನ್ ಸಿಂಗ್ ಎಂಬ ಸಿಖ್ಖರು 1950ರಲ್ಲೇ ಬಹಿರಂಗ ಸಭೆಯಲ್ಲಿ ಪೂರ್ಣ ಸ್ವರಾಜ್ಯ ಕೇಳಿದ್ದಕ್ಕೆ ಹನ್ನೊಂದು ವರ್ಷ ಬಂಧನದಲ್ಲಿದ್ದರು. ಇಂಥವರು ಕೆಲವರೇ. ಹೆಚ್ಚಿನ ಅಂಗಡಿಕಾರರು ಎರಡೂ ಕಡೆಗೆ ನಮಸ್ಕಾರ ಮಾಡಿ ಬಾಗಿಲು ಅರ್ಧ ತೆರೆದು ಕುಳಿತರು.

ನೈರೋಬಿಯಲ್ಲಿ ನಾವು ಬೇಕೆಂದೇ ಹುಡುಕಿಕೊಂಡು ಹೋದ ಜಾಗ ಒಂದು. ಸಿಟಿ ಪಾರ್ಕ್ ಎಂಬ ಉದ್ಯಾನದಲ್ಲಿ, ಮರಗಳ ನೆರಳಲ್ಲಿ, ಮಂಗಗಳು ಓಡಾಡುವ ಕಡೆ ಇಬ್ಬರು ಸ್ನೇಹಿತರ ಸಮಾಧಿಗಳಿವೆ. ಒಬ್ಬರು ಪಿಯೋ ಗಾಮಾ ಪಿಂಟೋ. ನೈರೋಬಿಯಲ್ಲಿ 1927ರಲ್ಲಿ ಹುಟ್ಟಿದ ಗೋವೆಯ ಮನೆತನದವರು. ಓದಲು ಗೋವೆಗೆ ಕಳಿಸಿದರು. ಮೆಟ್ರಿಕ್ ಆದ ಮೇಲೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದರು. ಗೋವೆಯಲ್ಲಿ ಪೋರ್ತುಗೀಜರ ವಿರುದ್ಧ ಕೆಲಸ ಮಾಡಿ, ಬಂಧನ ತಪ್ಪಿಸಿಕೊಂಡು 1949ರಲ್ಲಿ ಕೆನ್ಯಾಕ್ಕೆ ಮರಳಿದರು. ಅಲ್ಲಿ ಮಾವು ಮಾವು ಜನರಿಗೆ ನೆರವಾದರೆಂದು 1954ರಿಂದ 1959ರವರೆಗೆ ಬಂಧನ. ಸ್ವಾತಂತ್ರ್ಯ ಬಂದ ಮೇಲೆ ಪಾರ್ಲಿಮೆಂಟ್ ಸದಸ್ಯರಾದರು. ಬಿಳಿಯರು ಬಿಟ್ಟ ಭೂಮಿ ಮಂತ್ರಿಗಳ ಪಾಲಾಗುತ್ತಿದೆ, ನೆಲವಿಲ್ಲದವನಿಗೆ ಸಿಗುತ್ತಿಲ್ಲ ಎಂಬುದು ಅವರ ಗುಂಪಿನ ತಕರಾರು. 1965ರ ಫೆಬ್ರುವರಿ 24ರ ಬೆಳಿಗ್ಗೆ ಅವರ ಮನೆಯ ಮುಂದೆಯೇ, ಪುಟ್ಟ ಮಗಳು ಕಾರಿನಲ್ಲಿ ಕುಳಿತಿದ್ದಂತೆ, ಗುಂಡು ಹಾರಿಸಿ ಕೊಂದರು. 38 ವರ್ಷ ತುಂಬಿರಲಿಲ್ಲ. ಒಬ್ಬ ಹುಡುಗನಿಗೆ ಶಿಕ್ಷೆಯಾಗಿ ಆತ 2001ರವರೆಗೆ ಜೈಲಿನಲ್ಲಿದ್ದ. ಮಾಡಿಸಿದವರು ಯಾರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ.

ಇನ್ನೊಬ್ಬರು ಜೋಸೆಫ್ ಮುರುಂಬಿ. ತಂದೆ ಗೋವೆಯ ವ್ಯಾಪಾರಿ, ತಾಯಿ ಮಸಾಯಿ. ಅವರು ಓದಿದ್ದು ಬೆಂಗಳೂರಿನಲ್ಲಿ ಮತ್ತು ನಮ್ಮ ಬಳ್ಳಾರಿಯಲ್ಲಿ! ಮರಳಿ ಹೋಗಿ ತಾಯಿಯ ಕಡೆಯವನೇ ನಾನು ಎಂದು ಆರಿಸಿಕೊಂಡರು. ಕೆನ್ಯಾದ ವಿದೇಶಾಂಗ ಮಂತ್ರಿಯಾಗಿ, 1966ರಲ್ಲಿ ಉಪರಾಷ್ಟ್ರಪತಿಯಾಗಿ, ಆ ವರ್ಷ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಸ್ನೇಹಿತನ ಕೊಲೆಯ ಮೇಲೆ ಅವರ ಮನಸ್ಸು ಆ ಸರಕಾರದಲ್ಲಿ ನಿಲ್ಲಲಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ಸಂಗ್ರಹಿಸಿದ್ದ ಸಾವಿರಾರು ಪುಸ್ತಕ, ಕಲೆಯ ಸಾಮಾನುಗಳನ್ನು ದೇಶದಲ್ಲೇ ಉಳಿಯಲೆಂದು ಸರಕಾರಕ್ಕೇ ವಹಿಸಿದರು. 1990ರಲ್ಲಿ ತೀರಿಕೊಂಡಾಗ ಪಿಂಟೋ ಸಮಾಧಿಯ ಸಮೀಪವೇ ಮಣ್ಣು ಮಾಡಿದರು. ಬಳ್ಳಾರಿಯಲ್ಲಿ ಓದಿದ ಹುಡುಗನೊಬ್ಬ ಆಫ್ರಿಕಾದಲ್ಲಿ ಇಂಥ ಪದವಿಗೆ ಏರಿ, ಬೇಡವೆಂದು ಇಳಿದದ್ದು ನಮ್ಮ ಭಾಗದಲ್ಲಿ ಎಷ್ಟು ಜನರಿಗೆ ಗೊತ್ತು? ಸೇಠರ ಮನೆಯ ಮಕ್ಕಳಿಗೂ ಅಷ್ಟಾಗಿ ಗೊತ್ತಿರಲಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಅಲ್ಲಿ ನಮ್ಮ ಉಪಖಂಡದವರು ಸುಮಾರು 1,76,000 ಜನ. ತಾನಾಗಿ ಪೌರತ್ವ ಸಿಕ್ಕದವರಿಗೆ ಸರಕಾರ ಎರಡು ವರ್ಷದ ಗಡುವು ಕೊಟ್ಟಿತು. ಈ ದೇಶದ ಪೌರರಾಗಲು ಅರ್ಜಿ ಹಾಕಿ, ಇಲ್ಲವೇ ಪರದೇಶಿಗಳಾಗಿರಿ. ಇಂಗ್ಲಿಷರ ಪಾಸ್‌ಪೋರ್ಟು ಕೈಯಲ್ಲಿತ್ತು. ಬಹಳ ಜನ ನೋಡೋಣ ಎಂದು ಕಾದರು. ಸೇಠರ ತಂದೆ 1965ರಲ್ಲಿ ಅರ್ಜಿ ಹಾಕಿದರು, ಚಿಕ್ಕಪ್ಪ ಹಾಕಲಿಲ್ಲ. ಒಂದೇ ಅಡಿಗೆಮನೆ, ಒಂದೇ ಖಾತೆ, ಇಬ್ಬರದೂ ಬೇರೆ ಬೇರೆ ದೇಶ. 1967ರಲ್ಲಿ ವ್ಯಾಪಾರ ಪರವಾನಗಿಯ ಕಾಯಿದೆ ಬಂತು. ಪೌರರಲ್ಲದವರು ಇಂಥ ಪೇಟೆಯಲ್ಲೇ, ಇಂಥ ಸರಕನ್ನೇ ಮಾರಬೇಕು. ಕೆಲಸಕ್ಕೂ ಪರವಾನಗಿ ಬೇಕು. ಜನ ಇಂಗ್ಲೆಂಡಿಗೆ ವಿಮಾನ ಹತ್ತತೊಡಗಿದರು. ಇದನ್ನು ಕಂಡು ಲಂಡನ್ ಪಾರ್ಲಿಮೆಂಟು 1968ರ ಮಾರ್ಚಿ ಮೊದಲ ದಿನವೇ ಜಾರಿಗೆ ಬರುವಂತೆ ಮೂರು ದಿನದಲ್ಲಿ ಕಾಯಿದೆ ಮಾಡಿ ತನ್ನದೇ ಪಾಸ್‌ಪೋರ್ಟಿನವರಿಗೆ ಬಾಗಿಲು ಹಾಕಿತು. ಚಿಕ್ಕಪ್ಪ ಫೆಬ್ರುವರಿಯ ಕೊನೆಯ ವಾರದ ವಿಮಾನದಲ್ಲಿ ಹೆಂಡತಿ ಮಕ್ಕಳೊಂದಿಗೆ ಹೋಗಿಬಿಟ್ಟರು. ಅಂಗಡಿಯ ಅರ್ಧ ಪಾಲಿನ ಲೆಕ್ಕ ತೀರಲು ಎಂಟು ವರ್ಷ ಹಿಡಿಯಿತಂತೆ.

ಇಲ್ಲಿ ನಮ್ಮ ಮನಸ್ಸಿಗೆ ಬಂದದ್ದು ಬೇರೆ. 1953ರಲ್ಲಿ ನಮ್ಮ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬಿಟ್ಟು ಆಂಧ್ರಕ್ಕೆ ಸೇರಿದವು. ನಮ್ಮ ಹಿರಿಯರಿಗೆ ಅದು ನೋವಿನ ಮಾತೇ. ಆದರೆ ನೀನು ಇಲ್ಲಿಯವನೆಂದು ಕಾಗದ ತೋರಿಸು, ಆಮೇಲೆ ಅಂಗಡಿ ತೆರೆ ಎಂದು ಅವರನ್ನು ಯಾರೂ ಕೇಳಲಿಲ್ಲ.

ನೆರೆಯ ಉಗಾಂಡಾದಲ್ಲಿ 1972ರಲ್ಲಿ ಇದಿ ಅಮೀನ್ 90 ದಿನದಲ್ಲಿ ಜಾಗ ಖಾಲಿ ಮಾಡಿ ಎಂದಾಗ ಕೆನ್ಯಾದವರಿಗೆ ನಿದ್ರೆ ಬರಲಿಲ್ಲ. ಅಂಥದ್ದು ಇಲ್ಲಿ ಆಗಲಿಲ್ಲ. ಆದರೆ ರಾಜಕಾರಣ ಗುಂಡಿನಲ್ಲೇ ಮಾತಾಡತೊಡಗಿತ್ತು. 1969ರ ಜುಲೈ 5ರಂದು ಹೆಸರಾಂತ ಮಂತ್ರಿ ಟಾಮ್ ಎಂಬೋಯಾ ಔಷಧ ಅಂಗಡಿಯಿಂದ ಹೊರಬರುವಾಗ ಕೊಲೆಯಾದರು. ಅವರು ಲುವೋ ಪಂಗಡದವರು. ಆ ಕೊಲೆಯಿಂದ ಲುವೋ ಮತ್ತು ಕಿಕುಯು ಜನರ ನಡುವೆ ಬಿದ್ದ ಬಿರುಕು ಇನ್ನೂ ಕೂಡಿಲ್ಲ. ಅದೇ ರಸ್ತೆಯಲ್ಲಿ ಈಗ ಅವರ ಪ್ರತಿಮೆ ಇದೆ. 1975ರಲ್ಲಿ ಬಡವರ ಪರ ಮಾತಾಡುತ್ತಿದ್ದ ಜೆ. ಎಂ. ಕರಿಯುಕಿ ಕೊಲೆಯಾದರು. 1978ರಲ್ಲಿ ಕೆನ್ಯಾಟಾ ತೀರಿಕೊಂಡು ಡೇನಿಯಲ್ ಅರಾಪ್ ಮೊಯ್ ಗಾದಿಗೆ ಬಂದರು. 24 ವರ್ಷ ಆಳಿದರು.

1982ರ ಆಗಸ್ಟ್ 1, ಭಾನುವಾರ. ವಾಯುದಳದ ಸೈನಿಕರು ರೇಡಿಯೋ ಸ್ಟೇಶನ್ ಹಿಡಿದು ಸರಕಾರ ಬಿತ್ತೆಂದು ಸಾರಿದರು. ಸಂಜೆಯೊಳಗೆ ಭೂಸೈನ್ಯ ಬಂಡಾಯವನ್ನು ಹತ್ತಿಕ್ಕಿತು. ಅಷ್ಟರೊಳಗೆ ನೈರೋಬಿ ಪೇಟೆಯ ನಮ್ಮವರ ಅಂಗಡಿಗಳು ಲೂಟಿಯಾದವು, ಮನೆಗಳಿಗೂ ನುಗ್ಗಿದರು. ಸೇಠರ ಅಂಗಡಿಯಲ್ಲಿ ಉಳಿದದ್ದು ಎತ್ತಲಾರದ ಕಬ್ಬಿಣದ ತೊಲೆಗಳು ಮಾತ್ರ. ಬುಧವಾರ ಅವರ ಹಳೆಯ ಆಳು, ಕಂಬಾ ಪಂಗಡದವನು, ಗುನಿಯಾ ಚೀಲವೊಂದನ್ನು ಹೊತ್ತು ಮನೆಗೆ ಬಂದ. ಒಳಗೆ ಅಂಗಡಿಯ ಖಾತೆ ಪುಸ್ತಕಗಳು. ಲೂಟಿ ನಡೆಯುವಾಗಲೇ ಲೂಟಿಗಾರರ ನಡುವೆ ನುಗ್ಗಿ ಅವನ್ನು ಎತ್ತಿಕೊಂಡಿದ್ದ. ಯಾರಿಂದ ಎಷ್ಟು ಬರಬೇಕೆಂಬುದು ತಿಳಿದದ್ದರಿಂದಲೇ ಅಂಗಡಿ ಮತ್ತೆ ಎದ್ದಿತು. ಅವನ ಮಗ ಈಗ ಅಲ್ಲಿ ಮೇನೇಜರು. ಪಾಲುದಾರನನ್ನಾಗಿ ಮಾಡಿಲ್ಲವೇ ಎಂದು ನಾವು ಕೇಳಿದೆವು. ಸೇಠರು ಉತ್ತರ ಕೊಡದೆ ಚಹಾ ತರಿಸಿದರು.

ನಮಗೆ ಕಂಡಂತೆ ಹೇಳುವುದಾದರೆ, ಓಶ್ವಾಲರು ಅಲ್ಲಿ ಮಾಡಿದ ಶಾಲೆ, ದವಾಖಾನೆ, ಅನ್ನದಾನದ ಕೆಲಸ ದೊಡ್ಡದು. ಜೀವದಯೆಯಲ್ಲಿ ಅವರಿಂದ ನಾವು ಕಲಿಯಬೇಕು. ಆದರೆ ಕೂಡಿ ಊಟ, ಕೂಡಿ ವ್ಯವಹಾರ ಎನ್ನುವ ಮಾತು ಬಂದಾಗ ಗೋಡೆ ಎತ್ತರವಾಗಿಯೇ ಇದೆ. ನಾವು ರಾಜಕೀಯಕ್ಕೆ ಸೇರಿದವರಲ್ಲ ಎಂದು ಹಿರಿಯರು ಹೆಮ್ಮೆಯಿಂದಲೇ ಹೇಳುತ್ತಾರೆ. ರಾಜಕೀಯ ಮಾತ್ರ ಅವರನ್ನು ಬಿಟ್ಟಿಲ್ಲ.

ಒಂದು ದಿನ ಬಾಡಿಗೆ ಕಾರಿನಲ್ಲಿ ನಕೂರು ದಾಟಿ ಎಲ್ಡೊರೆಟ್‌ವರೆಗೆ ಹೋದೆವು. ಕಣ್ಣು ಹಾಯುವವರೆಗೂ ಗೋಧಿ, ಮೆಕ್ಕೆಜೋಳದ ಹೊಲಗಳು. ಇದೇ ಆ ಬಿಳಿಯರ ಸೀಮೆ. ಸ್ವಾತಂತ್ರ್ಯ ಬಂದಾಗ ಬಿಳಿಯರಿಂದ ಭೂಮಿಯನ್ನು ಸಾಲ ತಂದು ಕ್ರಯಕ್ಕೆ ಕೊಂಡು ಹಂಚಿದರು. ಆಗ ಕಿಕುಯು ಜನ ಬಹಳವಾಗಿ ಬಂದು ನೆಲೆಸಿದರು. ಇದು ನಮ್ಮ ಅಜ್ಜಂದಿರ ಕಾವಲು ಎಂದು ಕಲೆಂಜಿನ್ ಜನ. ನಾವು ದುಡ್ಡು ಕೊಟ್ಟು ಕೊಂಡದ್ದು ಎಂದು ಕಿಕುಯು ಜನ. ಎರಡೂ ನಿಜ. ಚುನಾವಣೆ ಬಂದಾಗಲೆಲ್ಲ ಈ ಬೂದಿಯನ್ನು ಊದುವವರು ಹುಟ್ಟುತ್ತಾರೆ. 1991ರ ಕೊನೆಗೆ ಏಕಪಕ್ಷದ ಆಳ್ವಿಕೆ ಹೋಗಿ 1992ರಲ್ಲಿ ಚುನಾವಣೆ ನಡೆದಾಗಲೂ ಇಲ್ಲಿ ಮನೆಗಳು ಉರಿದವು.

2007ರ ಡಿಸೆಂಬರಿನದು ಎಲ್ಲಕ್ಕಿಂತ ಘೋರ. ಕಿಬಾಕಿ ಮತ್ತು ರೈಲಾ ಒಡಿಂಗಾ ನಡುವಿನ ಸ್ಪರ್ಧೆ. ಎಣಿಕೆಯ ಮೇಲೆ ತಕರಾರು ಇರುವಾಗಲೇ 30ರಂದು ಕತ್ತಲಾಗುವ ಹೊತ್ತಿಗೆ ಕಿಬಾಕಿ ಅವಸರದಲ್ಲಿ ಪ್ರಮಾಣವಚನ ಮಾಡಿದರು. ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಸುಮಾರು ಆರು ಲಕ್ಷ ಜನ ಮನೆ ಬಿಟ್ಟರು. ಕಿಸುಮು ಪೇಟೆ ಸುಟ್ಟುಹೋಯಿತು. ಎಲ್ಡೊರೆಟ್ ಹತ್ತಿರದ ಕಿಯಂಬಾ ಎಂಬಲ್ಲಿ ಚರ್ಚಿನಲ್ಲಿ ಅಡಗಿದ್ದ ಮೂವತ್ತರಷ್ಟು ಜನರನ್ನು, ಹೆಚ್ಚಾಗಿ ಹೆಂಗಸರು ಮಕ್ಕಳನ್ನು, 2008ರ ಹೊಸ ವರ್ಷದ ದಿನ ಸುಟ್ಟರು. ಕಾರಿನ ಚಾಲಕ ಆ ಕಡೆಗೆ ಕೈ ತೋರಿಸಿದ, ಗಾಡಿ ನಿಲ್ಲಿಸಲಿಲ್ಲ. ನಿನ್ನದು ಯಾವ ಪಂಗಡ ಎಂದು ನಾವು ಕೇಳಲಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಬಂದು ಕುಳಿತು ಫೆಬ್ರುವರಿ 28ರಂದು ರಾಜಿ ಮಾಡಿಸಿದರು, ಒಡಿಂಗಾ ಪ್ರಧಾನಮಂತ್ರಿಯಾದರು. ಇದೇ ಒಡಿಂಗಾ 2025ರ ಅಕ್ಟೋಬರ್ 15ರಂದು ಆಯುರ್ವೇದ ಚಿಕಿತ್ಸೆಗೆಂದು ಕೇರಳಕ್ಕೆ ಬಂದಿದ್ದಾಗ ಅಲ್ಲಿನ ಕೂತಾಟ್ಟುಕುಳಂನಲ್ಲಿ ತೀರಿಕೊಂಡರು.

2010ರಲ್ಲಿ ಹೊಸ ಸಂವಿಧಾನ ಬಂತು. ಅಧಿಕಾರವೂ ಹಣವೂ 47 ಕೌಂಟಿಗಳಿಗೆ ಹಂಚಿಕೆಯಾಯಿತು. 2013ರಲ್ಲಿ ವೆಸ್ಟ್‌ಗೇಟ್ ಎಂಬ ದೊಡ್ಡ ಅಂಗಡಿ ಸಮುಚ್ಚಯದಲ್ಲಿ ಸೋಮಾಲಿಯಾದ ಉಗ್ರರು 67 ಜನರನ್ನು ಕೊಂದರು. ಅದರಲ್ಲಿ ನಮ್ಮವರೂ ಇದ್ದರು. 2017ರ ಸಪ್ಟೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ರಾಷ್ಟ್ರಪತಿಯ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಹಿಂದೆಂದೂ ಆಗದ್ದು. ಅದೇ ವರ್ಷ ಜುಲೈನಲ್ಲಿ ಭಾರತೀಯ ಮೂಲದವರನ್ನು ದೇಶದ 44ನೆಯ ಪಂಗಡವೆಂದು ಸರಕಾರ ಸಾರಿತು. ಚುನಾವಣೆಗೆ ಎರಡು ಮೂರು ವಾರವಿದ್ದಾಗ ಸಾರಿದ್ದು ಎಂಬುದನ್ನು ವ್ಯಾಪಾರಸ್ಥರಾದ ನಾವು ಗಮನಿಸದೆ ಇರಲಾರೆವು. ಆದರೂ ಸೇಠರ ಮನೆಯಲ್ಲಿ ಅಂದು ಕಂಸಾರ ಮಾಡಿ ಹಂಚಿದರಂತೆ. 2019ರ ಜನಗಣತಿಯಲ್ಲಿ ಕೆನ್ಯಾದ ಪೌರರಾದ ಏಷಿಯನ್ನರು 47 ಸಾವಿರ ಚಿಲ್ಲರೆ. ಒಂದು ಲಕ್ಷ ಎಪ್ಪತ್ತಾರು ಸಾವಿರ ಎಲ್ಲಿ, ಇದೆಲ್ಲಿ.

2024ರ ಜೂನ್ 25ರಂದು ತೆರಿಗೆ ಹೆಚ್ಚಿಸುವ ಮಸೂದೆಯ ವಿರುದ್ಧ ಹುಡುಗ ಹುಡುಗಿಯರು ಪಾರ್ಲಿಮೆಂಟಿಗೇ ನುಗ್ಗಿದರು. ಪೋಲೀಸರ ಗುಂಡಿಗೆ ಹಲವರು ಬಲಿಯಾದರು. ರಾಷ್ಟ್ರಪತಿ ರೂಟೋ ಮರುದಿನವೇ ಮಸೂದೆ ಹಿಂತೆಗೆದರು. ಈ ಹುಡುಗರು ಪಂಗಡ ಕೇಳಲಿಲ್ಲ, ಮುಖಂಡರನ್ನೂ ಇಟ್ಟುಕೊಳ್ಳಲಿಲ್ಲ ಎಂದು ಅಲ್ಲಿ ಎಲ್ಲರೂ ಬೆರಗಿನಿಂದ ಹೇಳುತ್ತಿದ್ದರು. ನಾವು ಮರಳಿ ಬಂದ ಮೇಲೆ 2025ರ ಜುಲೈ 7, ಸೋಮವಾರ ಮತ್ತೆ ಗಲಭೆಯಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಓದಿ ಸೇಠರಿಗೆ ಫೋನು ಮಾಡಿದೆವು. ಅಂಗಡಿಗೆ ಏನೂ ಆಗಿರಲಿಲ್ಲ. ಬಾಗಿಲು ಹಾಕಿ ಒಳಗೆ ಮೇನೇಜರೂ ಇನ್ನಿಬ್ಬರೂ ರಾತ್ರಿ ಮಲಗಿದ್ದರಂತೆ. ಮೊಮ್ಮಗನಿಗೆ ಹದಿನೆಂಟು ತುಂಬಿದೆ, ಗುರುತಿನ ಚೀಟಿ ಮಾಡಿಸಿಕೊಂಡು ಬಂದಿದ್ದಾನೆ, 2027ರಲ್ಲಿ ಓಟು ಹಾಕುತ್ತೇನೆ ಎನ್ನುತ್ತಾನೆ ಎಂದರು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದರಂತೆ.